ರೊಟ್ಟಿಯ ಜೊತೆಗಾರರು

ನನ್ನ ತವರು ಕುಷ್ಟಗಿ ಕಡೆಯ ಮಳೆಯಾಶ್ರಿತ ಹಳ್ಳಿ. ನೌಕರಿಗೆಂದು ಶ್ರೀರಾಮನಗರಕ್ಕೆ ಬಂದು ಇಪ್ಪತ್ತೈದು ವರ್ಷ ದಾಟಿದವು. ಎರಡೂ ಕೊಪ್ಪಳ ಜಿಲ್ಲೆಯವೇ. ಆದರೂ ಎರಡು ಊರಿನ ಊಟದ ತಾಟು ಬೇರೆ. ಹೋದ ವರ್ಷ ವೈದ್ಯರು ನನ್ನ ರಕ್ತಪರೀಕ್ಷೆಯ ವರದಿ ನೋಡಿ, "ಸಕ್ಕರೆ ಕಾಯಿಲೆ ಶುರುವಾಗಿದೆ ಟೀಚರ್, ಅನ್ನ ಕಡಿಮೆ ಮಾಡಿ" ಎಂದಾಗ, ಈ ತಾಟುಗಳ ಚರಿತ್ರೆಯನ್ನು ಕುಳಿತು ಯೋಚಿಸಿದೆ.

ಅವ್ವನ ಕಾಲದಲ್ಲಿ ನಮ್ಮ ಮನೆಯಲ್ಲಿ ಅನ್ನ ಹಬ್ಬ, ಅಮವಾಸ್ಯೆಗೆ ಮಾತ್ರ. ದಿನದ ಊಟ ಜೋಳದ ರೊಟ್ಟಿ. ಅದರ ಜೊತೆಗೆ ಕಾಳುಪಲ್ಲೆ, ಪುಂಡಿಪಲ್ಲೆ, ಮಜ್ಜಿಗೆ, ಮತ್ತೆ ಶೇಂಗಾ, ಗುರೆಳ್ಳು ಇಲ್ಲವೆ ಅಗಸಿ ಹಿಂಡಿ. ಹಿಂಡಿಯ ನಡುವೆ ಬೆರಳಿನಿಂದ ಕುಣಿ ಮಾಡಿ ಅವ್ವ ಒಂದು ಚಮಚ ಕುಸುಬಿ ಎಣ್ಣೆ ಹಾಕುವಳು. "ಬರೇ ರೊಟ್ಟಿ ತಿನಬ್ಯಾಡವ್ವ, ಹಿಂಡಿ ಹಚ್ಚಿಕೊ" ಎನ್ನುವುದು ಅವಳ ದಿನನಿತ್ಯದ ಮಾತು.

ಆ ಮಾತಿನ ಅರ್ಥ ನನಗೆ ತಿಳಿದದ್ದು ತಡವಾಗಿ. ಒಂದು ಗ್ರಾಂ ಶರ್ಕರಪಿಷ್ಟ 4 ಕ್ಯಾಲೊರಿ ಕೊಡುತ್ತದೆ, ಒಂದು ಗ್ರಾಂ ಕೊಬ್ಬು 9. ಪಿಷ್ಟ ಬೇಗ ಸಕ್ಕರೆಯಾಗಿ ರಕ್ತ ಸೇರುತ್ತದೆ. ನಾರು, ಪ್ರೋಟೀನು, ಸ್ವಲ್ಪ ಕೊಬ್ಬು ಜೊತೆಗಿದ್ದರೆ ಅದರ ಓಟ ನಿಧಾನವಾಗುತ್ತದೆ, ಹೊಟ್ಟೆಯೂ ಬೇಗ ಹಸಿಯದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಶೇಂಗಾದಲ್ಲಿ ಸುಮಾರು 40 ಗ್ರಾಂ ಕೊಬ್ಬು, 24 ಗ್ರಾಂ ಪ್ರೋಟೀನು. ಅವ್ವ ಲೆಕ್ಕ ಬರೆಯದೆಯೇ ಸರಿದೂಗಿಸಿದ್ದಳು.

ಇನ್ನು ಈ ಊರಿನ ಕಥೆ. ಆನೆಗೊಂದಿಯ ಹೊಳೆದಂಡೆಯಲ್ಲಿ ವಿಜಯನಗರದ ಕಾಲುವೆಗಳಿಂದ ಭತ್ತ ಹಿಂದಿನಿಂದಲೂ ಇತ್ತು. ಉಳಿದ ನೆಲ ಜೋಳದ್ದು. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು, 1953ರ ಹೊತ್ತಿಗೆ ನೀರು ಹರಿಯಿತು. ಎಡದಂಡೆ ಕಾಲುವೆಯ ಗುಂಟ ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಜಾಲಿ ಬೆಳೆದ ನೆಲ ಹಸನಾಯಿತು. ಗಂಗಾವತಿ ಸೀಮೆಗೆ ಭತ್ತದ ಕಣಜವೆಂಬ ಹೆಸರು ಬಂತು.

ಆಂಧ್ರದಿಂದ ಬಂದವರು ಅನ್ನವನ್ನಷ್ಟೇ ಉಣ್ಣುತ್ತಿರಲಿಲ್ಲ. ನೆರೆಮನೆಯ ಅಜ್ಜಿ ಹೇಳುತ್ತಿದ್ದಂತೆ, ಅವರ ಅನ್ನಕ್ಕೆ ಗಟ್ಟಿ ಪಪ್ಪು, ಗೋಂಗುರ ಪಚ್ಚಡಿ, ಒಂದಿಷ್ಟು ತುಪ್ಪ, ಕೊನೆಗೆ ಮಜ್ಜಿಗೆ. ಮೇಲೆ ದಿನವಿಡೀ ಕೆಸರಿನಲ್ಲಿ ದುಡಿಮೆ. ನಾವು ಅವರಿಂದ ಕಲಿತದ್ದು ಅನ್ನವನ್ನು ಮಾತ್ರ. ಪಪ್ಪಿನ ಬದಲು ತಿಳಿಸಾರು, ಹಿಂಡಿಯ ಬದಲು ಹಪ್ಪಳ, ಬಜ್ಜಿ. ರೊಟ್ಟಿ ಹೋದಾಗ ಅದರ ಜೊತೆಗಾರರೂ ಹೋದರು. ಅವರ ಮನೆಯಲ್ಲೂ ಕಾಲಕ್ರಮೇಣ ಪಪ್ಪು ತೆಳ್ಳಗಾಯಿತು, ನಾಟಿ ಕೆಲಸಕ್ಕೆ ಯಂತ್ರ ಬಂತು. ಈಗ ಎರಡೂ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳಿವೆ.

ಹಾಗೆಂದು ಹಳೆಯ ಕಾಲವೇ ಚೆಂದವೆಂದು ನಾನು ಹೇಳಲಾರೆ. ನಸುಕಿನಲ್ಲಿ ಬೀಸುಕಲ್ಲು ತಿರುವಿದವಳು ಅವ್ವ. 1972ರ ಬರದ ಹಸಿವನ್ನು ಉಂಡವಳೂ ಅವಳೇ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಣ್ಣಿಗೆ ಪಲ್ಲೆ ಮುಗಿದಿರುತ್ತಿತ್ತು, ಬರೀ ರೊಟ್ಟಿ ಉಳಿದಿರುತ್ತಿತ್ತು. ಇಂದು ಅವಳಿಗೆ ಬರೀ ಅನ್ನ ಉಳಿಯುತ್ತದೆ. ಸಮತೋಲದ ಮಾತು ಮೊದಲು ನಮ್ಮ ತಾಟಿನಿಂದಲೇ ಶುರುವಾಗಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸೂಚನೆಯಂತೆ, ದಿನದ ಕ್ಯಾಲೊರಿಗಳಲ್ಲಿ ಧಾನ್ಯದ ಪಾಲು ಶೇಕಡಾ 45ನ್ನು, ಒಟ್ಟು ಕೊಬ್ಬಿನ ಪಾಲು ಶೇಕಡಾ 30ನ್ನು ಮೀರಬಾರದು. ಉಳಿದದ್ದು ಬೇಳೆಕಾಳು, ತರಕಾರಿ, ಹಣ್ಣು, ಹಾಲಿನಿಂದ ಬರಬೇಕು. ಅನ್ನ ಬಿಟ್ಟು ಎಣ್ಣೆ ಸುರಿದುಕೊಳ್ಳುವುದೂ ತಪ್ಪೇ. ಎಣ್ಣೆಯ ಕ್ಯಾಲೊರಿ ಎರಡು ಪಟ್ಟಿಗಿಂತ ಹೆಚ್ಚೆಂಬುದನ್ನು ಮರೆಯಬಾರದು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು.

ನಾನು ಈಗ ಅನ್ನ ಬಿಟ್ಟಿಲ್ಲ, ಅರ್ಧ ಮಾಡಿದ್ದೇನೆ. ರಾತ್ರಿ ಒಂದು ರೊಟ್ಟಿ, ಗಟ್ಟಿ ಬೇಳೆ, ಪಲ್ಲೆ, ಒಂದು ಚಮಚ ಅಗಸಿ ಹಿಂಡಿ. ಎಲ್ಲರೂ ಕೂಡಿಯೇ ಉಣ್ಣುತ್ತೇವೆ. ಮೊನ್ನೆ ಸೊಸೆ ನನ್ನ ತಾಟು ನೋಡಿ, "ಅತ್ತಿ, ಹಿಂಡಿ ಹಾಕ್ಕೊಳ್ಳಲಿಲ್ಲಲ್ಲ?" ಎಂದಳು. ಅವ್ವನೇ ಕೇಳಿದಂತಾಯಿತು.