ಮನೆ ಕೊಟ್ಟರು, ನೆರೆಹೊರೆ ಕೊಟ್ಟರೇ?

ನಮ್ಮ ಮಕ್ಕಳು ಯಾಕೆ ಓದೋದಿಲ್ಲ ಅಂತ ಕೇಳುವವರು, ನಮ್ಮ ಮನೆಗಳು ಎಲ್ಲಿವೆ ಅಂತ ಕೇಳುವುದಿಲ್ಲ. ಕೇರಿಯನ್ನು ಊರ ಹೊರಗಿಟ್ಟವರು ಬಾವಿಯನ್ನೂ ಗುಡಿಯನ್ನೂ ಕೂಲಿಮಠವನ್ನೂ ಊರೊಳಗೇ ಇಟ್ಟುಕೊಂಡರು.

1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದ ಮೇಲೆ ನಿವೇಶನ, ಜನತಾ ಮನೆ ಬಂದದ್ದು ಸುಳ್ಳಲ್ಲ. ಸೋರುವ ಗುಡಿಸಲಲ್ಲಿ ಹುಟ್ಟಿದವರಿಗೆ ಹಂಚಿನ ಸೂರಿನ ಬೆಲೆ ಗೊತ್ತು. ಆದರೆ ಎಷ್ಟೋ ಊರುಗಳಲ್ಲಿ ಕಾಲೋನಿ ಎದ್ದದ್ದು ಊರಾಚೆಯ ಅದೇ ದಿಕ್ಕಿಗೆ. ಹೆಸರು ಬದಲಾಯ್ತು, ದೂರ ಬದಲಾಗಲಿಲ್ಲ. ಆ ಕಾಲದ ಹಾಸ್ಟೆಲ್ಲುಗಳ ಕಥೆ ಬೇರೆ. ಸಾರು ನೀರಾಗಿದ್ದರೂ ಅಲ್ಲಿ ದೀಪವಿತ್ತು, ಪೇಟೆಯ ಲೈಬ್ರರಿ ಹತ್ತಿರವಿತ್ತು, ಪಕ್ಕದ ಚಾಪೆಯಲ್ಲಿ ಡಿಗ್ರಿ ಓದುವ ಅಣ್ಣನಿದ್ದ. 1973ರ ಬೂಸಾ ಗಲಾಟೆಯಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಕೈಮಾಡಿದವರು ಹಾಸ್ಟೆಲ್ಲುಗಳನ್ನೂ ಬಿಡಲಿಲ್ಲ. ಅಕ್ಷರ ಎಲ್ಲಿ ಹುಟ್ಟುತ್ತಿದೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪಟ್ಟಣದ ಕಥೆಗೆ ಬೆಂಗಳೂರಿನ ಈಜಿಪುರವನ್ನೇ ನೋಡಿ. ಕೋರಮಂಗಲದ ಮಗ್ಗುಲಲ್ಲೇ ಸುಮಾರು 22 ಎಕರೆಯಲ್ಲಿ ನಗರಪಾಲಿಕೆ ಬಡವರಿಗೆಂದು ಇ.ಡಬ್ಲ್ಯೂ.ಎಸ್. ಕ್ವಾರ್ಟರ್ಸ್ ಕಟ್ಟಿತು. ಸುಮಾರು 1,500 ಮನೆ. ದಲಿತರು, ಮುಸ್ಲಿಮರು, ತಮಿಳು ಕೂಲಿಗಳು ಒಟ್ಟಿಗೆ ಬದುಕಿದರು. ಕೆಲಸ ಎಷ್ಟು ಕಳಪೆಯೆಂದರೆ 2007ರ ಹೊತ್ತಿಗೆ ಬ್ಲಾಕುಗಳೇ ಕುಸಿದವು. ಗೋಡೆ ಬಿತ್ತು, ಜನ ಕದಲಲಿಲ್ಲ. ತಗಡಿನ ಶೆಡ್ಡು ಹಾಕಿಕೊಂಡು ಕೂತರು. ಹುಚ್ಚೇ ಅವರಿಗೆ? ಹೆಂಗಸರ ಮನೆಗೆಲಸ ಕೋರಮಂಗಲದ ಅಪಾರ್ಟ್‌ಮೆಂಟುಗಳಲ್ಲಿ. ನಾಲ್ಕು ಮನೆಯ ಪಾತ್ರೆ ತಿಕ್ಕಿಬಂದ ತಾಯಿ ಮಗುವಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸಬಹುದಿತ್ತು. ತಾಯಿ ಬರೋದು ತಡವಾದರೆ ಪಕ್ಕದ ಶೆಡ್ಡಿನ ಅಜ್ಜಿ ಕಳಿಸ್ತಿದ್ದಳು. ಇದು ಯಾವ ಸರ್ಕಾರವೂ ಲೆಕ್ಕಕ್ಕೆ ಹಿಡಿಯದ ಆಸ್ತಿ.

ಪಾಲಿಕೆ ಖಾಸಗಿ ಕಂಪನಿಯೊಂದರ ಜೊತೆ ಕರಾರು ಮಾಡಿಕೊಂಡಿತು: ಅರ್ಧ ಜಾಗದಲ್ಲಿ ಬಡವರಿಗೆ ಮನೆ, ಉಳಿದರ್ಧದಲ್ಲಿ ಮಾಲು. 2013ರ ಜನವರಿಯಲ್ಲಿ ಪೊಲೀಸರು ಬಂದರು, ಜೆಸಿಬಿ ಬಂತು. ಪರೀಕ್ಷೆಗೆ ಇನ್ನೆರಡೇ ತಿಂಗಳು. ಸಂಸಾರಗಳು ಫುಟ್‌ಪಾತಿಗೆ ಬಿದ್ದವು. ಒಂದಷ್ಟು ಜನರನ್ನು ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆಗೆ ಸಾಗಿಸಿದರು. ಅಲ್ಲಿ ಸೂರು ಸಿಕ್ಕಿತು, ಸರಿ. ಕೆಲಸ, ಸ್ಕೂಲು, ಆ ಅಜ್ಜಿ ಎಲ್ಲ ಬಸ್ಸಿನ ದಾರಿಯಷ್ಟು ದೂರವಾದವು. ತಾಯಿ ಕತ್ತಲಲ್ಲೇ ಹೊರಟರೆ ಚಿಕ್ಕದನ್ನು ನೋಡಿಕೊಳ್ಳೋರು ಯಾರು? ದೊಡ್ಡ ಹುಡುಗಿ. ಶಾಲೆಯ ಹಾಜರಿಯಿಂದ ಮೊದಲು ಹೋಗೋದು ಅವಳ ಹೆಸರೇ.

ಆಗ ಕಾನೂನು ಇರಲಿಲ್ಲವೇ? ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿತ್ತು. ಐದನೇ ತರಗತಿವರೆಗೆ ಒಂದು ಕಿಲೋಮೀಟರಿನೊಳಗೆ, ಎಂಟನೆಯವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಎಂದು ಕೇಂದ್ರದ ನಿಯಮ ಹೇಳಿತ್ತು. ಶಾಲೆ ಮಗುವಿನ ಹತ್ತಿರ ಇರಬೇಕೆಂದ ಕಾನೂನು, ಮಗುವನ್ನೇ ಶಾಲೆಯಿಂದ ಎತ್ತಿ ದೂರ ಹಾಕಿದವರನ್ನು ತಡೆಯಲಿಲ್ಲ. ಅದೇ ಕಾಯ್ದೆ ಖಾಸಗಿ ಶಾಲೆಗಳಲ್ಲಿ ಬಡಮಕ್ಕಳಿಗೆ ನೂರಕ್ಕೆ 25 ಸೀಟು ಕೊಟ್ಟಿತ್ತು. ಕರ್ನಾಟಕ ಸರ್ಕಾರ 2019-20ರ ಸಾಲಿನಿಂದ ನಿಯಮ ತಿದ್ದಿತು: ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲ. ನಮಗೆ ಮನೆ ಹಂಚುವಾಗ ಯಾರ ಬಾಯಲ್ಲೂ ಬಾರದ ನೆರೆಹೊರೆ ಎಂಬ ಮಾತು, ಸೀಟು ತಪ್ಪಿಸುವಾಗ ಮಾತ್ರ ಕಾಗದದ ಮೇಲೆ ಬಂತು.