ಮುಳುಗಡೆ ನೀರಿನ ಮೇಲೊಂದು ಹಾಯಿ ಹಲಗೆ

ಈ ಬ್ಲಾಗಿನ ಮೇಲೆ ಧೂಳು ಕೂತು ತುಂಬಾ ದಿನ ಆಯ್ತು. ರಿಲೀಸು, ಬಗ್ಗು, ಮೀಟಿಂಗು... ನೆಪಗಳು ಮಾಮೂಲಿ. ಈ ಸಲ ದಸರಾ ರಜೆಗೆ ಊರಿಗೆ ಹೋದವನು ವಿಂಡ್‌ಸರ್ಫಿಂಗ್ ಕಲಿತು ಬಂದೆ. ಕಲಿತೆ ಅನ್ನೋದು ದೊಡ್ಡ ಮಾತು. ಎರಡು ದಿನ ಬಗೆಬಗೆಯಾಗಿ ನೀರಿಗೆ ಬಿದ್ದೆ ಅಂದರೆ ಸರಿಯಾದೀತು :-)

ನಮ್ಮ ಮನೆ ಶಿವಮೊಗ್ಗದ ನವುಲೆಯಲ್ಲಿ. ಓದಿದ್ದೂ ಅಲ್ಲೇ, ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜಿನಲ್ಲಿ. ಬಲ, ತಿರುಚುಬಲ ಅಂತ ಬರೆದು ಪಾಸಾದವನಿಗೆ ಅದರ ಅರ್ಥ ಮೈಗೆ ಹತ್ತಿದ್ದು ಮಾತ್ರ ಸಾಗರ ತಾಲೂಕಿನ ಹೊನ್ನೆಮರಡಿನಲ್ಲಿ. ಲಿಂಗನಮಕ್ಕಿ ಹಿನ್ನೀರಿನ ದಡದ ಈ ಜಾಗ ದೋಣಿ, ಕಯಾಕ್‌ಗಳ ಕಲಿಕೆಗೆ ಹೆಸರಾದದ್ದು, ನಿಮ್ಮಲ್ಲಿ ಹಲವರು ಹೋಗಿರುತ್ತೀರಿ.

ಗೊತ್ತಿಲ್ಲದವರಿಗೆ ಹೇಳೋದಾದರೆ, ಅಗಲದ ಒಂದು ಹಲಗೆ, ಅದರ ಮಧ್ಯೆ ಒಂದು ಕಂಬ, ಕಂಬಕ್ಕೆ ಹಾಯಿ. ಚುಕ್ಕಾಣಿ ಇಲ್ಲ. ಕಂಬದ ಬುಡದಲ್ಲಿರುವ ಕೀಲು ಎಲ್ಲಾ ದಿಕ್ಕಿಗೂ ವಾಲುತ್ತದೆ. ಕಂಬವನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆ ತಿರುಗುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ. ಇಷ್ಟೇ! ಹೊಸಬರ ಗತಿ ಮಾತ್ರ ಇಷ್ಟೇ ಅಲ್ಲ. ಮೊದಲು ನೀರಿನಲ್ಲಿ ಬಿದ್ದಿರುವ ಹಾಯಿಯನ್ನು ಹಗ್ಗ ಹಿಡಿದು ಎತ್ತಬೇಕು. ಹಾಯಿಯ ಮೇಲೆ ನಿಂತ ನೀರು ಜಾರುವ ತನಕ ಅದು ಮಣಭಾರ. ನೀರು ಜಾರಿದ ತಕ್ಷಣ ಹಗುರ, ಎಳೆಯುತ್ತಿದ್ದವನು ಹಿಂದಕ್ಕೆ ಧಡಾರ್. ಮೊದಲ ದಿನವೆಲ್ಲಾ ನನ್ನ ಕಥೆ ಇದೇ. ಎರಡನೇ ದಿನ ಮಧ್ಯಾಹ್ನ ಒಂದಿಪ್ಪತ್ತು ಮೀಟರು ನೆಟ್ಟಗೆ ಹೋದೆ. ತಿರುಗಿಸೋದು ಹೇಗೆ ಅಂತ ಯೋಚಿಸುವಷ್ಟರಲ್ಲಿ ಮತ್ತೆ ನೀರಿನೊಳಗೆ.

ವಾಪಸು ಬಂದವನು ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರು ಅಂತ ಹುಡುಕತೊಡಗಿದೆ. ಅಲ್ಲಿಂದ ಶುರುವಾಯ್ತು ನೋಡಿ ಕಥೆ.

ಬಹಳ ಕಡೆ ಸಿಗುವ ಹೆಸರು ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಅವರದ್ದು. ಡ್ರೇಕ್ ವಿಮಾನಗಳ ಎಂಜಿನಿಯರ್. ಶ್ವೈಟ್ಜರ್ ಕಂಪ್ಯೂಟರ್ ಉದ್ಯಮದವರು (ನಮ್ಮ ಜಾತಿ!). 1967ರಲ್ಲಿ ಹಲಗೆ ನೀರಿಗಿಳಿಸಿದರು, 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1970ರಲ್ಲಿ ಸಿಕ್ಕಿತು. ಡ್ರೇಕ್ ತಮ್ಮ ಪಾಲನ್ನು ಶ್ವೈಟ್ಜರ್‌ಗೇ ಮಾರಿಬಿಟ್ಟರು. ಆಮೇಲೆ ಯುರೋಪಿನಲ್ಲಿ ಹಲಗೆಗಳು ಬಿಸಿ ದೋಸೆಯ ಹಾಗೆ ಖರ್ಚಾದವು, 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೂ ಆಟ ಬಂತು. (ನಮ್ಮ ಇಬಾದ್ ಅಲಿ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಕಂಚು ಗೆದ್ದದ್ದು ಇದರಲ್ಲೇ.)

ಆದರೆ ಅವರಿಗಿಂತ ಮೊದಲೇ, 1964ರಲ್ಲಿ, ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ ಅನ್ನುವವರು ಹಾಯಿ ಹಲಗೆ ಮಾಡಿದ್ದರು. ಬೋರ್ಡು ಬರೆಯುವ ಪೇಂಟರ್ ಅವರು. 1965ರ ಆಗಸ್ಟಿನ 'ಪಾಪ್ಯುಲರ್ ಸೈನ್ಸ್' ಪತ್ರಿಕೆಯಲ್ಲಿ, ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತ ಚಿತ್ರ ಸಮೇತ ಬರೆದರು. ಪೇಟೆಂಟ್ ಮಾಡಿಸಲಿಲ್ಲ. ಅವರಿಗಿಂತಲೂ ಮೊದಲು, 1958ರಲ್ಲಿ, ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಅನ್ನೋ ಹನ್ನೆರಡು ವರ್ಷದ ಹುಡುಗ ಆಟಕ್ಕೆ ಅಂತ ಒಂದು ಮಾಡಿಕೊಂಡಿದ್ದ. ಶ್ವೈಟ್ಜರ್ ಕಂಪನಿ ಟಾಬುರ್ ಮರೀನ್ ಎಂಬ ಕಂಪನಿಯ ಮೇಲೆ ಪೇಟೆಂಟ್ ಕೇಸು ಹಾಕಿತು. ಇಂಗ್ಲೆಂಡಿನ ಕೋರ್ಟು, ಆ ಹುಡುಗ ಬೇಸಿಗೆಗಳಲ್ಲಿ ಎಲ್ಲರ ಕಣ್ಣೆದುರಿಗೇ ಇದನ್ನು ಓಡಿಸಿದ್ದ, ಡಾರ್ಬಿಯ ಲೇಖನವೂ ಇದೆ, ಹಾಗಾಗಿ ಇದು ಹೊಸದಲ್ಲ ಅಂತ ಪೇಟೆಂಟನ್ನೇ ತಳ್ಳಿಹಾಕಿತು. ಮೇಲ್ಮನವಿಯ ತೀರ್ಪು 1985ರಲ್ಲಿ ವರದಿಯಾಗಿದೆ. ಪೇಟೆಂಟ್ ಕಾನೂನು ಓದುವವರು ಇವತ್ತಿಗೂ ಆ ಕೇಸನ್ನು ಓದುತ್ತಾರಂತೆ.

1964 ಅಂತ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ 1964ರಲ್ಲೇ. ಡಾರ್ಬಿ ಅಲ್ಲಿ ಹಲಗೆ ಕೊರೆಯುತ್ತಿದ್ದ ಕಾಲದಲ್ಲಿ ಇಲ್ಲಿ ಶರಾವತಿ ಕಣಿವೆಗೆ ನೀರು ಏರುತ್ತಿತ್ತು. ಪೂರ್ತಿ ಮಟ್ಟ 1819 ಅಡಿ, ಸುಮಾರು 151 ಟಿಎಂಸಿ ನೀರು. ಆ ನೀರಿನಿಂದ ಓಡುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಕೆಳಗೆ ಊರುಗಳಿದ್ದವು. ಅದಕ್ಕೂ ಮುಂಚೆ ಕಟ್ಟಿದ ಹಿರೇಭಾಸ್ಕರ (ಮಡೆನೂರು) ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಎದ್ದು ಕಾಣುತ್ತದೆ. ಶರಾವತಿ ಯೋಜನೆಯಲ್ಲೇ ಸರ್ಕಾರಿ ಕೆಲಸದಲ್ಲಿದ್ದ ನಾ. ಡಿಸೋಜರು ಇದನ್ನೆಲ್ಲಾ ಕಣ್ಣಾರೆ ಕಂಡು 'ಮುಳುಗಡೆ', 'ದ್ವೀಪ' ಬರೆದರು.

ನಮ್ಮ ಅಜ್ಜನ ಮನೆಯವರು ಎರಡು ಸಲ ಎದ್ದವರು. ಮಡೆನೂರಿನ ನೀರಿಗೆ ಒಂದು ಸಲ, ಆಗ ಅಜ್ಜ ಇನ್ನೂ ಮಗು. ಎರಡನೇ ಸಲ ಅವರಿಗೆ ಇಪ್ಪತ್ತು. ಲಾರಿಯಲ್ಲಿ ಪಾತ್ರೆ, ಕರು, ಅಡಿಕೆ ಸಸಿ ಹೇರಿಕೊಂಡು ಶಿವಮೊಗ್ಗದ ಕಡೆ ಕಾಡಿನಂಚಿಗೆ ಬಂದು ಇಳಿದರಂತೆ. ಅಪ್ಪ ನೌಕರಿ ಹಿಡಿದು ನವುಲೆ ಸೇರಿದ್ದು ಆಮೇಲೆ. ಅಜ್ಜನ ತಮ್ಮನ ಮಕ್ಕಳು ಅಲ್ಲೇ ಗೇಯ್ದುಕೊಂಡಿದ್ದಾರೆ, ಜಮೀನಿನ ಹಕ್ಕುಪತ್ರ ಇವತ್ತಿಗೂ ಕೈಗೆ ಬಂದಿಲ್ಲ. ದಾಖಲೆಯಲ್ಲಿ ಅದು ಇನ್ನೂ ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಆ ಗಂಟು ಮತ್ತಷ್ಟು ಬಿಗಿಯಾಯಿತು. ಅರವತ್ತು ವರ್ಷ ದಾಟಿದರೂ ಹೀಗೆ ಅಲೆಯುತ್ತಿರುವ ಸಂತ್ರಸ್ತ ಕುಟುಂಬಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ರಾತ್ರಿ ಊಟ ಆದಮೇಲೆ ಅಜ್ಜನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ನಾನು ಬೀಳುತ್ತಿರುವುದೇ ಹೆಚ್ಚು. ಅಜ್ಜ ನನ್ನನ್ನು ನೋಡಲಿಲ್ಲ, ಹಿಂದಿನ ಗುಡ್ಡ ನೋಡಿದರು.

"ಇದನ್ನ ದೊಡ್ಡದು ಮಾಡೋ. ಹೂಂ... ಈ ಗುಡ್ಡದ ಬುಡದಾಗೇ ದಾರಿ ಇತ್ತು ಮಾರಾಯ, ನಮ್ಮ ಗದ್ದೆಗೆ ಹೋಗೋದು."

ಮಾತು ಬದಲಿಸೋಣ ಅಂತ ಚಿಲ್ವರ್ಸ್ ಹುಡುಗನ ಕಥೆ ಹೇಳಿದೆ. ಅಜ್ಜ ಕವಳ ಜಗಿಯೋದು ನಿಲ್ಲಿಸಿ ಕೇಳಿದರು.

"ಆ ಹುಡುಗನ ಹತ್ರ ಕಾಗದ ಎಂತ ಇತ್ತು?"

"ಕಾಗದ ಇರಲಿಲ್ಲ ಅಜ್ಜ. ಎಲ್ಲರ ಎದುರಿಗೇ ಓಡಿಸಿದ್ದ ಅಂತ ಕೋರ್ಟಿಗೆ ಗೊತ್ತಾಯ್ತು."

"ಹಂಗಾ?" ಅಂದರು. "ನಾವೂ ಎಲ್ಲರ ಎದುರಿಗೇ ಬಂದ್ವಲ್ಲ. ಅವರದೇ ಲಾರಿ."

ಆಮೇಲೆ ಎದ್ದು ಕವಳ ಉಗಿಯಲು ಹೊರಗೆ ಹೋದರು.

ಮೇ ತಿಂಗಳಲ್ಲಿ ನೀರು ಇಳಿದಾಗ ಮಡೆನೂರು ಕಡೆ ಕರೆದುಕೊಂಡು ಹೋಗು ಅಂದಿದ್ದಾರೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಬೇರೆ ಆಗಿದೆ, ಅದರ ಮೇಲೂ ಒಂದು ಸುತ್ತು ಹೋಗಬೇಕಂತೆ. ರಜೆ ಈಗಲೇ ಹಾಕಿಟ್ಟಿದ್ದೇನೆ. ನಿಮ್ಮ ಮನೆಗಳಲ್ಲೂ ಮುಳುಗಡೆ ನೋಡಿದ ಹಿರಿಯರಿದ್ದರೆ ಅವರನ್ನು ಕೇಳಿ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ ಮಾರಾಯ್ರೆ, ಓದಲು ನಾನಿದ್ದೇನೆ.