ಆಟಿಸಂ ನಿರ್ಣಯ: ಯಾರ ಮಾತು ಸಾಕ್ಷ್ಯ?

ಸಕ್ಕರೆ ಕಾಯಿಲೆಯನ್ನು ರಕ್ತಪರೀಕ್ಷೆ ಹೇಳುತ್ತದೆ. ಮುರಿದ ಮೂಳೆಯನ್ನು ಎಕ್ಸ್‌ರೇ ತೋರಿಸುತ್ತದೆ. ಆಟಿಸಂ ಅನ್ನು ಹೀಗೆ ಖಚಿತಪಡಿಸುವ ಪರೀಕ್ಷೆ ಇಂದಿಗೂ ಇಲ್ಲ. ಹೆಸರು ಹಿಡಿದು ಕರೆದರೆ ಮಗು ತಿರುಗುತ್ತದೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ, ಆಟವನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುತ್ತದೆಯೇ ಎಂಬುದನ್ನು ತಜ್ಞರು ಸ್ವಲ್ಪ ಹೊತ್ತು ಗಮನಿಸುತ್ತಾರೆ. ಉಳಿದದ್ದನ್ನು ಮನೆಯವರೇ ಹೇಳಬೇಕು. ಆದ್ದರಿಂದ ಈ ನಿರ್ಣಯದ ಚರಿತ್ರೆಯನ್ನು ಓದುವಾಗ, ಯಾವ ಕಾಲದಲ್ಲಿ ಯಾರ ಮಾತನ್ನು ಸಾಕ್ಷ್ಯವೆಂದು ಒಪ್ಪಲಾಯಿತು ಎಂಬ ಪ್ರಶ್ನೆಯೇ ನಮಗೆ ಮುಖ್ಯವಾಗಿ ಕಾಣುತ್ತದೆ.

ಪದಕ್ಕೆ ನೂರು ವರ್ಷ ದಾಟಿದೆ. ಗ್ರೀಕ್ ಭಾಷೆಯ 'ಆಟೋಸ್' ಎಂದರೆ 'ತಾನು'. ಸ್ಕಿಜೋಫ್ರೀನಿಯಾ ಇರುವವರು ಹೊರಲೋಕವನ್ನು ಬಿಟ್ಟು ತಮ್ಮೊಳಗೆ ಸರಿಯುವುದನ್ನು ವರ್ಣಿಸಲು ಸ್ವಿಟ್ಜರ್ಲೆಂಡಿನ ಮನೋವೈದ್ಯ ಓಯ್ಗನ್ ಬ್ಲಾಯ್ಲರ್ ಅವರು 1911ರ ಸುಮಾರಿಗೆ ಅದನ್ನು ಬಳಕೆಗೆ ತಂದರು. ಮರಾಠಿಯ 'ಸ್ವಮಗ್ನತಾ', ಹಿಂದಿಯ 'ಸ್ವಲೀನತಾ', ನಮ್ಮ ಪತ್ರಿಕೆಗಳ 'ಸ್ವಲೀನತೆ' ಇವೆಲ್ಲವೂ ಆ ಹಳೆಯ ಅರ್ಥವನ್ನೇ ಹೊತ್ತು ಬಂದಿವೆ. 1920ರ ದಶಕದಲ್ಲಿ ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ ಅವರು ಆರು ಹುಡುಗರನ್ನು ಸೂಕ್ಷ್ಮವಾಗಿ ಗಮನಿಸಿ ಬರೆದ ವಿವರಗಳು ಇಂದಿನ ಲಕ್ಷಣಪಟ್ಟಿಗೆ ಬಹಳ ಹತ್ತಿರವಾಗಿವೆ. ಆದರೆ ಆ ಬರಹ ದಶಕಗಳ ಕಾಲ ಮೂಲೆಗೆ ಬಿದ್ದಿತ್ತು.

ಎಲ್ಲರಿಗೂ ತಿಳಿದ ಚರಿತ್ರೆ ಆರಂಭವಾಗುವುದು ಒಂದು ಪತ್ರದಿಂದ. 1938ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರೊಬ್ಬರು ತಮ್ಮ ಮಗ ಡೊನಾಲ್ಡ್ ಟ್ರಿಪ್ಲೆಟ್‌ನ ಬಗ್ಗೆ 33 ಪುಟಗಳನ್ನು ಟೈಪು ಮಾಡಿಸಿ, ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ ಅವರಿಗೆ ಕಳುಹಿಸಿದರು. ಐದು ವರ್ಷದ ಆ ಹುಡುಗ ಒಂಟಿಯಾಗಿದ್ದಾಗಲೇ ಹೆಚ್ಚು ಸಂತೋಷವಾಗಿರುತ್ತಿದ್ದ. ಸಾಮಾನುಗಳನ್ನು ಗಿರಗಿರನೆ ತಿರುಗಿಸುತ್ತಿದ್ದ. ಕೇಳಿದ ಮಾತನ್ನು ಹಾಗೆಹಾಗೆಯೇ ಮರುನುಡಿಯುತ್ತಿದ್ದ. 1943ರಲ್ಲಿ ಕ್ಯಾನರ್ ಅವರು ಹನ್ನೊಂದು ಮಕ್ಕಳನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ ಮೊದಲ ಪ್ರಕರಣ ಇವನದೇ. ತಂದೆಯ ಪತ್ರದಲ್ಲಿದ್ದ ವಿವರಗಳು ಆ ಲೇಖನದ ಒಡಲಲ್ಲಿ ಸೇರಿಕೊಂಡವು. ಡೊನಾಲ್ಡ್ ಮುಂದೆ ತನ್ನ ಊರಿನ ಬ್ಯಾಂಕಿನಲ್ಲಿ ದುಡಿದು, ದೇಶದೇಶ ಸುತ್ತಿ, 89 ವರ್ಷ ಬಾಳಿ 2023ರಲ್ಲಿ ತೀರಿಕೊಂಡರು.

ಈ ಸ್ಥಿತಿ ಹುಟ್ಟಿನಿಂದಲೇ ಬಂದದ್ದೆಂದು ಕ್ಯಾನರ್ ಅವರು ಬರೆದರೂ, ಈ ಮಕ್ಕಳ ಹೆತ್ತವರಲ್ಲಿ ಅಕ್ಕರೆಯುಳ್ಳವರು ಕಡಿಮೆ ಎಂಬ ಮಾತನ್ನೂ ಅದೇ ಲೇಖನದಲ್ಲಿ ಸೇರಿಸಿದ್ದರು. ಮುಂದಿನ ಎರಡು ದಶಕಗಳಲ್ಲಿ ಆ ಮಾತೇ ಬೆಳೆದು ಹೆಮ್ಮರವಾಯಿತು. 'ರೆಫ್ರಿಜರೇಟರ್ ತಾಯಿ' ಎಂಬ ಪದ ಹುಟ್ಟಿತು. ತಾಯಿಯ ತಣ್ಣನೆಯ ಮನಸ್ಸೇ ಮಗುವನ್ನು ಹೀಗೆ ಮಾಡಿತೆಂದು ನಂಬಲಾಯಿತು. 1967ರಲ್ಲಿ ಬ್ರೂನೋ ಬೆಟ್ಟೆಲ್‌ಹೈಮ್ ಅವರ ಪುಸ್ತಕ ಈ ನಂಬಿಕೆಯನ್ನು ಮನೆಮನೆಗೆ ಮುಟ್ಟಿಸಿತು. ಸಾಕ್ಷಿ ಹೇಳಲು ಬಂದವರೇ ಆರೋಪಿಗಳಾಗಿ ಕಟಕಟೆಯಲ್ಲಿ ನಿಂತರು. ತಾಯಿ ಏನನ್ನು ಹೇಳಿದರೂ ಅದು ಅವಳ ಮೇಲಿನ ದೂರಿಗೇ ಪುರಾವೆಯಾಗುತ್ತಿತ್ತು.

ಈ ಗಂಟನ್ನು ಬಿಡಿಸಿದವರಲ್ಲಿ ಹೆತ್ತವರೇ ಮುಂದಿದ್ದರು. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರ ಮಗನಿಗೆ ಆಟಿಸಂ ಇತ್ತು. 1964ರ ತಮ್ಮ ಪುಸ್ತಕದಲ್ಲಿ ಅವರು ಇದಕ್ಕೆ ಜೈವಿಕ ಕಾರಣಗಳಿವೆಯೆಂದು ವಾದಿಸಿ, ಕೊನೆಯಲ್ಲಿ ಒಂದು ಪ್ರಶ್ನಾವಳಿಯನ್ನೂ ಅಚ್ಚು ಹಾಕಿಸಿದರು. ತಂದೆತಾಯಿಯರು ಅದನ್ನು ತುಂಬಿ ಅಂಚೆಯಲ್ಲಿ ಅವರಿಗೆ ಕಳುಹಿಸತೊಡಗಿದರು. 1969ರಲ್ಲಿ ಕ್ಯಾನರ್ ಅವರು ಹೆತ್ತವರ ಸಭೆಯೊಂದರಲ್ಲೇ ನಿಂತು ಅವರನ್ನು ದೋಷಮುಕ್ತರೆಂದು ಸಾರಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ ಅವರು 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿದರು. ತದ್ರೂಪಿಗಳ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಅನುವಂಶೀಯತೆಯ ಪಾತ್ರವನ್ನು ಇನ್ನು ತಳ್ಳಿಹಾಕುವಂತಿರಲಿಲ್ಲ.

ಲಂಡನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಅವರೂ ಇಂಥದೇ ಮಗಳ ತಾಯಿ. ಅವರೂ ಜುಡಿತ್ ಗೌಲ್ಡ್ ಅವರೂ ಕ್ಯಾಂಬರ್‌ವೆಲ್ ಪ್ರದೇಶದ ಮಕ್ಕಳನ್ನು ಅಧ್ಯಯನ ಮಾಡಿ 1979ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕ್ಯಾನರ್ ಅವರ ಚೌಕಟ್ಟಿಗೆ ಸರಿಯಾಗಿ ಹೊಂದದಿದ್ದರೂ ಅದೇ ಬಗೆಯ ನೆರವು ಬೇಕಿದ್ದ ಮಕ್ಕಳು ಬಹಳ ಮಂದಿ ಕಂಡುಬಂದರು. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ 1944ರಲ್ಲಿ ಬರೆದ ಪ್ರಬಂಧವನ್ನು ಇಂಗ್ಲಿಷ್ ಓದುಗರಿಗೆ 1981ರಲ್ಲಿ ಪರಿಚಯಿಸಿದವರೂ ವಿಂಗ್ ಅವರೇ. ನಾಜಿಗಳ ಕಾಲದಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದ ಸಂಸ್ಥೆಗೆ ಆಸ್ಪರ್ಗರ್ ಕೆಲವು ಮಕ್ಕಳನ್ನು ಕಳುಹಿಸಿದ್ದನ್ನು ಸಂಶೋಧಕರು 2018ರಲ್ಲಿ ದಾಖಲೆಸಹಿತ ತೋರಿಸಿದ್ದಾರೆ. ವೈದ್ಯರ ಒಂದು ಟಿಪ್ಪಣಿ ಮಗುವಿನ ಬಾಳನ್ನು ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ಬೇಕಿಲ್ಲ.

ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಆಟಿಸಂಗೆ ಪ್ರತ್ಯೇಕ ಸ್ಥಾನ ಕೊಟ್ಟಿತು. 2013ರಲ್ಲಿ ಆಸ್ಪರ್ಗರ್ ಹೆಸರನ್ನು ಕೈಬಿಟ್ಟು ಎಲ್ಲವನ್ನೂ ಒಂದೇ 'ಸ್ಪೆಕ್ಟ್ರಂ' ಅಡಿಯಲ್ಲಿ ತಂದಿತು. ಲಕ್ಷಣಗಳು ಬಾಲ್ಯದಲ್ಲೇ ಇದ್ದರೂ, ಬದುಕು ಹೆಚ್ಚನ್ನು ಬೇಡುವವರೆಗೆ ಪೂರ್ತಿ ಹೊರಗೆ ಕಾಣದಿರಬಹುದೆಂದೂ ಅದು ಒಪ್ಪಿತು. ಇದರಿಂದ ವಯಸ್ಕರಿಗೂ ಬಾಗಿಲು ತೆರೆಯಿತು. ಮಗುವಿಗಾಗಿ ಪ್ರಶ್ನಾವಳಿ ತುಂಬುತ್ತಿದ್ದ ತಂದೆಯೋ ತಾಯಿಯೋ ಅದರಲ್ಲಿ ತಮ್ಮನ್ನೇ ಕಂಡದ್ದುಂಟು. ಎದುರಿನವರನ್ನು ಅನುಕರಿಸಿ ತಮ್ಮ ಕಷ್ಟವನ್ನು ಮುಚ್ಚಿಟ್ಟು ಬೆಳೆದ ಹೆಣ್ಣುಮಕ್ಕಳು ಎಷ್ಟೋ ವರ್ಷ ತಡವಾಗಿ ಈ ಹೆಸರನ್ನು ಪಡೆದದ್ದುಂಟು. ಇಲ್ಲಿ ವ್ಯಕ್ತಿಯೇ ತನ್ನ ಸಾಕ್ಷಿ.

ನಮ್ಮ ದೇಶದಲ್ಲಿ ನಿರ್ಣಯವೆಂದರೆ ಕಾಗದಪತ್ರದ ಪ್ರಶ್ನೆಯೂ ಹೌದು. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1991ರಲ್ಲಿ ದಿಲ್ಲಿಯಲ್ಲಿ ಮೆರ‍್ರಿ ಬರುವಾ ಅವರು ಆರಂಭಿಸಿದ 'ಆ್ಯಕ್ಷನ್ ಫಾರ್ ಆಟಿಸಂ' ಮುಂತಾದ ಹೆತ್ತವರ ಸಂಘಟನೆಗಳು ದನಿಯೆತ್ತಿದವು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ ಅನ್ನು ಹೆಸರಿಸಿತು. 2016ರ ಕಾಯಿದೆ ಅದನ್ನು 21 ಬಗೆಯ ವೈಕಲ್ಯಗಳಲ್ಲಿ ಒಂದೆಂದು ಗುರುತಿಸಿತು. ಪ್ರಮಾಣಪತ್ರಕ್ಕಾಗಿ ಬಳಸುವ ಭಾರತೀಯ ಮಾಪಕ ಸಿದ್ಧವಾದದ್ದು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ನೇತೃತ್ವದಲ್ಲಿ. ಅದರಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70 ಅಥವಾ ಹೆಚ್ಚಾದರೆ ಆಟಿಸಂ ಎಂದು ಲೆಕ್ಕ. ಅಂಕ ಹಾಕುವವರು ಮಗುವನ್ನು ನೋಡುವುದರ ಜೊತೆಗೆ ಮನೆಯವರನ್ನೂ ವಿಚಾರಿಸುತ್ತಾರೆ.

ಹೊರನಾಡಿನಲ್ಲಿರುವ ನಮಗೆ ಇಲ್ಲೊಂದು ವಿಶೇಷ ತೊಡಕಿದೆ. ಮಗು ಅಜ್ಜಿಯೊಡನೆ ಕನ್ನಡ, ಅಂಗಳದಲ್ಲಿ ಮರಾಠಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷ್ ಕೇಳುತ್ತಿರುತ್ತದೆ. ಪರೀಕ್ಷಕರ ಭಾಷೆಯಲ್ಲಿ ಬಾರದ ಮಾತು ಮಗುವಿಗೇ ಬಾರದ ಮಾತೆಂದು ಎಣಿಕೆಯಾಗಬಾರದು. ಹಾಗೆಯೇ, ಹಲವು ಭಾಷೆಗಳ ಗೊಂದಲವೆಂದು ಹೇಳಿ ನಿಜವಾದ ಲಕ್ಷಣಗಳನ್ನು ಮುಂದೂಡಲೂಬಾರದು. ಮನೆಮಾತನ್ನು ಬಿಟ್ಟುಬಿಡಿ ಎಂಬ ಸಲಹೆ ಇಂದಿಗೂ ಕೇಳಿಬರುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆಂದು ಈವರೆಗಿನ ಅಧ್ಯಯನಗಳು ತೋರಿಸಿಲ್ಲ. ಕನ್ನಡ ಬಿಟ್ಟರೆ ಮಗುವಿಗೆ ತಪ್ಪಿಹೋಗುವುದು ಅಜ್ಜಿಯ ಮಾತು, ಮನೆಯ ಊಟದ ಹೊತ್ತಿನ ಹರಟೆ.

ಆದ್ದರಿಂದ ತಜ್ಞರ ಬಳಿಗೆ ಹೋಗುವವರು ಕಂಡದ್ದನ್ನು ಕಂಡ ಹಾಗೆ, ತಿಂಗಳು ವರ್ಷ ನಮೂದಿಸಿ, ಕನ್ನಡದಲ್ಲೇ ಆದರೂ ಬರೆದುಕೊಂಡು ಹೋಗಲಿ. ಮಗು ಯಾರೊಡನೆ ಯಾವ ಭಾಷೆಯಲ್ಲಿ ಏನು ಹೇಳಿತೆಂಬುದೂ ಅದರಲ್ಲಿರಲಿ. ನೆರೆಹೊರೆಯಲ್ಲಿರುವ ನಾವು 'ನಿಮ್ಮ ಮುದ್ದೇ ಹೀಗೆ ಮಾಡಿತು', 'ಮೊಬೈಲು ಕೊಟ್ಟು ಕೆಡಿಸಿದಿರಿ' ಎಂಬ ತೀರ್ಪುಗಳನ್ನು ನಮ್ಮಲ್ಲೇ ಇಟ್ಟುಕೊಳ್ಳೋಣ. ತಾಯಂದಿರನ್ನು ಕಟಕಟೆಯಿಂದ ಇಳಿಸಲು ವೈದ್ಯಶಾಸ್ತ್ರಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ನಮ್ಮ ಓಣಿಗಳಲ್ಲಿ ಆ ಕೆಲಸ ಇನ್ನೂ ಬಾಕಿ ಇದೆ.